ಯಾರ ಕಡೆಯವನು ದೇವರು? ಬುಲ್ಗಾಕೋವನ ಅಂತರ್ಯುದ್ಧದ ಕಾದಂಬರಿಯನ್ನು ಕುರಿತು

ಯೆರಿಕೋವಿನ ಸಮೀಪದಲ್ಲಿ ಹಿರಿದ ಕತ್ತಿಯನ್ನು ಹಿಡಿದು ನಿಂತಿದ್ದ ಪುರುಷನೊಬ್ಬನನ್ನು ಯೆಹೋಶುವನು ಕಂಡು, ಅವನು ತಮ್ಮ ಕಡೆಯವನೋ ಶತ್ರುಗಳ ಕಡೆಯವನೋ ಎಂದು ವಿಚಾರಿಸಿದ ಪ್ರಸಂಗವು ನಮ್ಮ ವಾಚಕರಿಗೆ ಪರಿಚಿತವೇ (ಯೆಹೋಶುವ 5:13–15). ದೊರೆತ ಉತ್ತರವು ಪ್ರಶ್ನೆಯಲ್ಲಿದ್ದ ಎರಡು ಪಕ್ಷಗಳಲ್ಲಿ ಯಾವುದನ್ನೂ ಒಪ್ಪಿಕೊಳ್ಳಲಿಲ್ಲ. ಬಂದವನು ಯೆಹೋವನ ಸೇನಾಪತಿ. ಯೆಹೋಶುವನಿಗೆ ಉಳಿದದ್ದು ಕೆರಗಳನ್ನು ಕಳಚಿ ಅಡ್ಡಬೀಳುವ ಕೆಲಸ ಮಾತ್ರ. ಯುದ್ಧಕಾಲದಲ್ಲಿ ಸಭೆಯು ಈ ಉತ್ತರವನ್ನು ಮರೆತು ಪ್ರಶ್ನೆಯನ್ನಷ್ಟೇ ನೆನಪಿನಲ್ಲಿಟ್ಟುಕೊಳ್ಳುತ್ತದೆ. ಅಂತರ್ಯುದ್ಧದಲ್ಲಿ ಈ ಮರೆವು ಇನ್ನೂ ಸುಲಭವಾಗಿ ಬರುತ್ತದೆ. ಏಕೆಂದರೆ ಅಲ್ಲಿ ಎರಡೂ ಕಡೆಯ ಬಹುಪಾಲು ಜನರು ಒಂದೇ ಸಭೆಯಲ್ಲಿ ದೀಕ್ಷಾಸ್ನಾನ ಪಡೆದವರು, ಒಂದೇ ಗಂಟೆಯ ದನಿಯನ್ನು ಕೇಳುತ್ತ ಬೆಳೆದವರು.

1917ರ ಕ್ರಾಂತಿ ಮತ್ತು ಅದನ್ನು ಹಿಂಬಾಲಿಸಿದ ಅಂತರ್ಯುದ್ಧಗಳು ರಶ್ಯನ್ ಸಾಮ್ರಾಜ್ಯದ ಜನಜೀವನವನ್ನು ಹೇಗೆ ಬದಲಿಸಿದವೆಂಬುದನ್ನು ಇತಿಹಾಸಕಾರರು ವಿಸ್ತಾರವಾಗಿ ಬರೆದಿದ್ದಾರೆ. ಆ ಕಾಲದ ಸಾಹಿತಿಗಳು ಇನ್ನೊಂದು ಸಂಗತಿಯನ್ನು ದಾಖಲಿಸಿದರು. ಯುದ್ಧವು ಅನ್ನವನ್ನೂ ಮನೆಯನ್ನೂ ಕಿತ್ತುಕೊಂಡಂತೆಯೇ ಮನುಷ್ಯರ ದೇವರ ಕಲ್ಪನೆಯನ್ನೂ ಕೈಗೆತ್ತಿಕೊಂಡು ತನಗೆ ಬೇಕಾದಂತೆ ತಿದ್ದಿತು. ಮಿಖಾಯಿಲ್ ಬುಲ್ಗಾಕೋವನ 'ಬಿಳಿಯ ಕಾವಲುಪಡೆ' ಎಂಬ ಕಾದಂಬರಿಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ದೇವರನ್ನು ಒಂದು ಪಕ್ಷದ ಸೊತ್ತಾಗಿಸುವ ಶೋಧನೆಯನ್ನು ಈ ಕೃತಿಯು ಬಹುಮಟ್ಟಿಗೆ ಜಯಿಸುತ್ತದೆ. ಆದರೆ ಅದರ ಅತ್ಯಂತ ಪ್ರಸಿದ್ಧವಾದ ಪುಟಗಳಲ್ಲಿ ಕಾಣುವ ಕರುಣೆಯು ಕೊಲ್ಲಲ್ಪಟ್ಟ ನಿರಾಯುಧರನ್ನು ಒಳಗೊಳ್ಳುವುದಿಲ್ಲ. ಈ ಗೆಲುವು, ಈ ಕೊರತೆ, ಇವೆರಡೂ ಸಭಾಪಾಲನೆಗೆ ಸಿದ್ಧರಾಗುತ್ತಿರುವವರಿಗೆ ಪಾಠಗಳೆಂಬುದು ನಮ್ಮ ಅಭಿಪ್ರಾಯ.

ನಗರ ಮತ್ತು ಕಾಲ

ಬುಲ್ಗಾಕೋವ್ 1891ರಲ್ಲಿ ಕೀವ್ ನಗರದಲ್ಲಿ ಜನಿಸಿದನು. ಅವನ ಇಬ್ಬರು ತಾತಂದಿರೂ ಆರ್ಥೊಡಾಕ್ಸ್ ಸಭೆಯ ಗುರುಗಳು; ತಂದೆ ಅಫನಾಸಿ ಬುಲ್ಗಾಕೋವ್ ಕೀವ್‌ನ ದೈವಶಾಸ್ತ್ರ ಅಕಾಡೆಮಿಯಲ್ಲಿ ಪ್ರಾಧ್ಯಾಪಕರಾಗಿದ್ದು 1907ರಲ್ಲಿ ತೀರಿಕೊಂಡರು. ಮಗನು 1916ರಲ್ಲಿ ವೈದ್ಯಪದವಿ ಪಡೆದು ಮಹಾಯುದ್ಧದ ಆಸ್ಪತ್ರೆಗಳಲ್ಲಿ ಗಾಯಾಳುಗಳಿಗೆ ಚಿಕಿತ್ಸೆ ಮಾಡಿದನು. ಕೀವ್‌ನಲ್ಲಿ ಒಟ್ಟು 14 ಬಾರಿ ಅಧಿಕಾರ ಬದಲಾಯಿತೆಂದೂ ಅವುಗಳಲ್ಲಿ 10 ಬಾರಿ ತಾನೇ ಅಲ್ಲಿದ್ದೆನೆಂದೂ ಅವನು 1923ರ ಒಂದು ಪ್ರಬಂಧದಲ್ಲಿ ಲೆಕ್ಕ ಕೊಟ್ಟಿದ್ದಾನೆ. ಪ್ರತಿಯೊಂದು ಬದಲಾವಣೆಯೊಂದಿಗೂ ಬಾವುಟ ಬದಲಾಗುತ್ತಿತ್ತು, ಜೇಬಿನಲ್ಲಿರಬೇಕಾದ ಕಾಗದಪತ್ರಗಳು ಬದಲಾಗುತ್ತಿದ್ದವು, ಯಾರನ್ನು ಗುಂಡಿಕ್ಕಬೇಕೆಂಬ ಪಟ್ಟಿಯೂ ಬದಲಾಗುತ್ತಿತ್ತು.

ಇದರ ಹಿನ್ನೆಲೆಯು ಇನ್ನೂ ವಿಸ್ತಾರವಾದದ್ದು. 1914ರಿಂದ ಆರಂಭವಾದ ಯುದ್ಧಕ್ಕೆ ರಶ್ಯವು ಸುಮಾರು ಒಂದೂವರೆ ಕೋಟಿ ಗಂಡಸರನ್ನು ಸೇನೆಗೆ ಸೇರಿಸಿತ್ತು. 1918ರ ಮಾರ್ಚ್ 3ರಂದು ಬ್ರೆಸ್ಟ್-ಲಿಟೊವ್ಸ್ಕ್‌ನಲ್ಲಿ ಜರ್ಮನಿಯೊಂದಿಗೆ ಒಪ್ಪಂದವಾದ ಬಳಿಕ ಹೊರಗಿನ ಯುದ್ಧ ನಿಂತು ಒಳಗಿನದು ಬೆಳೆಯಿತು. ಅನ್ನವಿಲ್ಲದೆ, ಸೌದೆಯಿಲ್ಲದೆ, ರೋಗದಿಂದ ಬಳಲಿ ಪೆಟ್ರೋಗ್ರಾಡ್ ನಗರವು ಬರಿದಾಯಿತು. 1917ರಲ್ಲಿ 20 ಲಕ್ಷವನ್ನು ಮೀರಿದ್ದ ಅದರ ಜನಸಂಖ್ಯೆಯು 1920ರ ವೇಳೆಗೆ ಸುಮಾರು 7 ಲಕ್ಷಕ್ಕೆ ಕುಸಿದಿತ್ತು. ಟೈಫಸ್ ಜ್ವರವು ರೈಲುಗಳಲ್ಲಿ ಸೈನಿಕರೊಂದಿಗೆ ಪ್ರಯಾಣ ಮಾಡಿತು. 1921–22ರ ಕ್ಷಾಮದಲ್ಲಿ ಸುಮಾರು 50 ಲಕ್ಷ ಮಂದಿ ಸತ್ತರು. ಉಕ್ರೇನಿನಲ್ಲಿ ಯೆಹೂದ್ಯರ ಮೇಲೆ ನಡೆದ ದಾಳಿಗಳಲ್ಲಿ ಹತ್ತಾರು ಸಾವಿರ ಜನ ಹತರಾದರು. ಆ ಕೊಲೆಗಳಲ್ಲಿ ಕೈಯಿಲ್ಲದ ಸೇನೆಯೇ ಇರಲಿಲ್ಲವೆನ್ನಬಹುದು.

ಕಾದಂಬರಿಯ ಕಥೆ ನಡೆಯುವುದು 1918ರ ಡಿಸೆಂಬರಿನಿಂದ 1919ರ ಫೆಬ್ರವರಿಯ ಆರಂಭದವರೆಗೆ. ಜರ್ಮನರ ಆಸರೆಯಿಂದ ಆಳುತ್ತಿದ್ದ ಹೆಟ್ಮನ್ ಸ್ಕೊರೊಪಾಡ್ಸ್ಕಿ ಓಡಿಹೋಗುತ್ತಾನೆ. ಉಕ್ರೇನಿನ ರಾಷ್ಟ್ರೀಯ ನಾಯಕ ಪೆಟ್ಲಿಯುರನ ಸೇನೆ ನಗರವನ್ನು ಪ್ರವೇಶಿಸುತ್ತದೆ. ಕೆಲವು ವಾರಗಳಲ್ಲಿ ಅದೂ ಹಿಂದೆಗೆದು ಬೊಲ್ಷೆವಿಕರು ಸಮೀಪಿಸುತ್ತಾರೆ. ಈ ನಡುವೆ ತುರ್ಬಿನ್ ಮನೆತನದ ಮೂವರು ಒಡಹುಟ್ಟಿದವರು ಬದುಕಲು ಹೆಣಗುತ್ತಾರೆ. ಹಿರಿಯನಾದ ಅಲೆಕ್ಸೇಯ್ ವೈದ್ಯ, ಎಲೆನ ಗಂಡನಿಂದ ಪರಿತ್ಯಕ್ತಳಾದವಳು, ಕಿರಿಯನಾದ ನಿಕೊಲ್ಕ ಹದಿನೇಳರ ಹುಡುಗ. ಕೃತಿಯ ಒಂದು ಭಾಗವು 1925ರಲ್ಲಿ ಮಾಸ್ಕೋದ ಪತ್ರಿಕೆಯೊಂದರಲ್ಲಿ ಬೆಳಕು ಕಂಡಿತು. ಸೋವಿಯತ್ ಒಕ್ಕೂಟದಲ್ಲಿ ಪೂರ್ಣಪಠ್ಯವು ಅಚ್ಚಾದದ್ದು 1966ರಲ್ಲಿ, ಲೇಖಕನು ತೀರಿಕೊಂಡು ಇಪ್ಪತ್ತಾರು ವರ್ಷಗಳಾದ ಮೇಲೆ.

ಒಂದು ಲಾಂಛನ, ಒಂದು ಕಾಗದ

ಯುದ್ಧವು ಜೀವನವನ್ನು ಹೇಗೆ ರೂಪಿಸುತ್ತದೆಂಬುದನ್ನು ಬುಲ್ಗಾಕೋವ್ ದೊಡ್ಡ ಕದನಗಳ ಮೂಲಕ ತೋರಿಸುವುದಿಲ್ಲ. ಅವನ ಕಣ್ಣು ಚಿಕ್ಕ ವಸ್ತುಗಳ ಮೇಲಿದೆ. ಅಲೆಕ್ಸೇಯ್ ತುರ್ಬಿನನು ಸೋತ ಸೇನೆಯ ಭುಜಪಟ್ಟಿಗಳನ್ನು ಕಿತ್ತುಹಾಕಿ ಬೀದಿಗೆ ಇಳಿಯುತ್ತಾನೆ. ಆದರೆ ಟೋಪಿಯ ಮೇಲಿನ ಅಧಿಕಾರಿಯ ಲಾಂಛನವನ್ನು ತೆಗೆಯಲು ಮರೆಯುತ್ತಾನೆ. ಆ ಪುಟ್ಟ ತಗಡಿನ ಚೂರನ್ನು ಕಂಡು ಪೆಟ್ಲಿಯುರನ ಸೈನಿಕರು ಅವನನ್ನು ಬೆನ್ನಟ್ಟಿ ಗುಂಡು ಹಾರಿಸುತ್ತಾರೆ. ಅಪರಿಚಿತಳಾದ ಒಬ್ಬ ಹೆಂಗಸು ಗೇಟಿನ ಒಳಗೆ ಎಳೆದುಕೊಂಡದ್ದರಿಂದ ಅವನು ಉಳಿಯುತ್ತಾನೆ.

ಅದೇ ದಿನ ಯಾಕೊವ್ ಫೆಲ್ಡ್‌ಮನ್ ಎಂಬ ಯೆಹೂದ್ಯ ವ್ಯಾಪಾರಿಯು ಹೆಂಡತಿಗೆ ಹೆರಿಗೆಯ ನೋವು ಬಂದುದರಿಂದ ಸೂಲಗಿತ್ತಿಯನ್ನು ಕರೆಯಲು ಮನೆಯಿಂದ ಹೊರಡುತ್ತಾನೆ. ಕುದುರೆ ಸವಾರರು ತಡೆದು ಗುರುತಿನ ಪತ್ರ ಕೇಳಿದಾಗ ಅವನ ಕೈಗೆ ಸಿಕ್ಕಿದ್ದು ತಪ್ಪು ಕಾಗದ. ಹಿಂದಿನ ಸರಕಾರದ ಸೇನೆಗೆ ಸಾಮಾನು ಒದಗಿಸುವವನೆಂದು ತಿಳಿಸುವ ಪತ್ರ. ಖಡ್ಗದ ಹೊಡೆತಕ್ಕೆ ಅವನು ಅಲ್ಲೇ ಬೀಳುತ್ತಾನೆ. ಕಾದಂಬರಿಯು ಈ ಸಾವಿಗೆ ಹೆಚ್ಚು ಸ್ಥಳವನ್ನು ಕೊಡುವುದಿಲ್ಲ. ಸವಾರರು ಮುಂದೆ ಹೋಗುತ್ತಾರೆ, ಕಥೆಯೂ ಅವರೊಂದಿಗೆ ಮುಂದೆ ಹೋಗುತ್ತದೆ. ಈ ಎರಡು ಪ್ರಸಂಗಗಳನ್ನು ವಾಚಕರು ಒಟ್ಟಿಗೆ ಹಿಡಿದಿಟ್ಟುಕೊಳ್ಳಬೇಕು. ಒಬ್ಬನು ಶಸ್ತ್ರ ಹಿಡಿದವನು, ಬದುಕಿದನು. ಇನ್ನೊಬ್ಬನು ಜನನಕ್ಕೆ ಸಹಾಯ ತರಲು ಹೊರಟವನು, ಸತ್ತನು. ಅಂತರ್ಯುದ್ಧದಲ್ಲಿ ಮನುಷ್ಯನ ಮುಖವು ಓದಲು ಸಿಗುವುದಿಲ್ಲ. ಅವನ ಲಾಂಛನ ಮತ್ತು ಕಾಗದಗಳು ಮಾತ್ರ ಓದಲ್ಪಡುತ್ತವೆ. ದೇವರ ಸ್ವರೂಪದಲ್ಲಿ ಮನುಷ್ಯನು ನಿರ್ಮಿತನಾದನೆಂದು ನಾವು ಬೋಧಿಸುವಾಗ ಅದರ ನೇರ ವಿರೋಧವು ಹೇಗಿರುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ಹುಡುಕಬೇಕಾಗಿಲ್ಲ.

ಬ್ಲಾಕ್‌ನ ಕ್ರಿಸ್ತನೂ ಗೆದಾಲಿಯ ಪ್ರಶ್ನೆಯೂ

ಬುಲ್ಗಾಕೋವನ ಉತ್ತರವನ್ನು ಅಳೆಯಲು ಅವನ ಸಮಕಾಲೀನರಿಬ್ಬರನ್ನು ಪಕ್ಕದಲ್ಲಿ ನಿಲ್ಲಿಸುವುದು ಒಳ್ಳೆಯದು. ಅಲೆಕ್ಸಾಂಡರ್ ಬ್ಲಾಕ್ 1918ರ ಜನವರಿಯಲ್ಲಿ 'ಹನ್ನೆರಡು ಮಂದಿ' ಎಂಬ ಕಾವ್ಯವನ್ನು ರಚಿಸಿದನು. ಹಿಮದ ಬಿರುಗಾಳಿಯಲ್ಲಿ ಪೆಟ್ರೋಗ್ರಾಡಿನ ಬೀದಿಗಳಲ್ಲಿ ಹನ್ನೆರಡು ಕೆಂಪು ಸೈನಿಕರು ನಡೆಯುತ್ತಾರೆ. ಅವರಲ್ಲಿ ಒಬ್ಬನು ತಾನು ಪ್ರೀತಿಸಿದ ಹೆಣ್ಣನ್ನೇ ಗುಂಡಿಕ್ಕಿ ಕೊಲ್ಲುತ್ತಾನೆ. ಕೊನೆಯಲ್ಲಿ ಅವರ ಮುಂದೆ, ಕಣ್ಣಿಗೆ ಕಾಣದಂತೆ, ಬಾವುಟವನ್ನು ಹಿಡಿದು ಯೇಸುಕ್ರಿಸ್ತನು ನಡೆಯುತ್ತಿರುತ್ತಾನೆ. ಸಂಖ್ಯೆಯು ಅಪೊಸ್ತಲರನ್ನು ನೆನಪಿಸುವುದು ಆಕಸ್ಮಿಕವಲ್ಲ. ಕ್ರಾಂತಿಗೆ ಒಲಿದವರಲ್ಲಿ ಹಲವರು ಇದನ್ನು ಆಶೀರ್ವಾದವೆಂದು ಓದಿದರು. ಕ್ರಾಂತಿಯ ವೈರಿಗಳು ದೇವದೂಷಣೆಯೆಂದು ಓದಿದರು. ಈ ಎರಡೂ ಓದುಗಳು ಒಂದು ವಿವರವನ್ನು ಕಡೆಗಣಿಸುತ್ತವೆ. ಮುಂದೆ ಯಾರೋ ಇದ್ದಾರೆಂಬ ಅನುಮಾನದಿಂದ ಆ ಹನ್ನೆರಡು ಮಂದಿ ಆ ಕಾಣದ ಆಕೃತಿಯ ಕಡೆಗೇ ಗುಂಡು ಹಾರಿಸುತ್ತಾರೆ. ಅವರು ಹಿಂಬಾಲಿಸುತ್ತಿದ್ದಾರೋ, ಬೆನ್ನಟ್ಟುತ್ತಿದ್ದಾರೋ ಎಂಬುದನ್ನು ಕವಿ ಹೇಳುವುದಿಲ್ಲ. ಅವರ ಮುಂದಿರುವವನು ಕ್ರಿಸ್ತನೇ ಆಗಿಬಿಟ್ಟನೆಂಬುದು ಬ್ಲಾಕ್‌ನನ್ನೇ ಕಳವಳಗೊಳಿಸಿತ್ತೆಂದು ಅವನ ದಿನಚರಿಯಿಂದ ತಿಳಿಯುತ್ತದೆ. ಕಾವ್ಯವು ಕವಿಯ ಒಲವಿಗಿಂತ ಪ್ರಾಮಾಣಿಕವಾಗಿದೆ. ಆದರೂ ಅದರ ಕ್ರಿಸ್ತನು ಮೌನಿ. ಕೊಲ್ಲಲ್ಪಟ್ಟ ಹೆಣ್ಣಿನ ಕಡೆಗೆ ತಿರುಗುವುದಿಲ್ಲ.

ಐಸಾಕ್ ಬಾಬೆಲ್ 1920ರಲ್ಲಿ ಬುದ್ಯೊನ್ನಿಯ ಕೆಂಪು ಅಶ್ವದಳದೊಂದಿಗೆ ಪೋಲೆಂಡಿನ ಯುದ್ಧಕ್ಕೆ ಹೋಗಿ, ಆ ಅನುಭವದಿಂದ ಬರೆದ ಕಥೆಗಳನ್ನು 1926ರಲ್ಲಿ ಸಂಕಲನವಾಗಿ ಹೊರತಂದನು. ಅವುಗಳಲ್ಲಿ ಒಂದರಲ್ಲಿ ಝಿಟೋಮಿರ್ ಪಟ್ಟಣದ ಗೆದಾಲಿ ಎಂಬ ಮುದುಕನಾದ ಯೆಹೂದ್ಯ ಅಂಗಡಿಗಾರನು ಸೈನಿಕನೊಡನೆ ವಾದಿಸುತ್ತಾನೆ. ಕ್ರಾಂತಿಗೆ ತಾನು ಒಪ್ಪುತ್ತೇನೆ, ಆದರೆ ಸಬ್ಬತ್ತನ್ನು ತೊರೆಯಬೇಕೇ ಎಂಬುದು ಅವನ ಅಳಲು. ಪೋಲರೂ ಗುಂಡು ಹಾರಿಸುತ್ತಾರೆ, ಕ್ರಾಂತಿಯೂ ಗುಂಡು ಹಾರಿಸುತ್ತದೆ. ಹೀಗಿರುವಾಗ ಯಾವುದು ಕ್ರಾಂತಿ, ಯಾವುದು ಪ್ರತಿಕ್ರಾಂತಿ ಎಂದು ಗೆದಾಲಿಯು ಹೇಗೆ ತಿಳಿಯಬೇಕು? ಪಕ್ಷಗಳ ನಡುವೆ ಸಿಕ್ಕಿಕೊಂಡವನ ಪ್ರಶ್ನೆ ಇದು. ಬ್ಲಾಕ್‌ನು ಸೈನಿಕರ ಮುಂದೆ ಕ್ರಿಸ್ತನನ್ನು ಕಾಣಲು ಯತ್ನಿಸಿದನು; ಗೆದಾಲಿಯು ಗುಂಡಿನ ಎದುರಿನಲ್ಲಿ ನಿಂತು ನೋಡಿದನು. ಬುಲ್ಗಾಕೋವನ ಕಾದಂಬರಿಯನ್ನು ಓದುವಾಗ ನಾವು ಈ ಎರಡನೆಯ ಸ್ಥಳದಿಂದಲೂ ನೋಡಬೇಕಾಗುತ್ತದೆ.

ಝಿಲಿನನ ಪರಲೋಕ

ಕಾದಂಬರಿಯ ಅತ್ಯಂತ ಚರ್ಚಿತವಾದ ಭಾಗವು ಅಲೆಕ್ಸೇಯ್ ಕಾಣುವ ಕನಸು. 1916ರಲ್ಲಿ ತನ್ನ ದಳದೊಂದಿಗೆ ಸತ್ತ ಅಶ್ವದಳದ ಝಿಲಿನ್ ಎಂಬುವನು ಕನಸಿನಲ್ಲಿ ಬಂದು ಪರಲೋಕದ ಸುದ್ದಿ ಹೇಳುತ್ತಾನೆ. ದಳವೆಲ್ಲ ಕುದುರೆಗಳ ಸಮೇತ ಒಳಗೆ ಹೋದದ್ದು, ಪೇತ್ರನು ಬಾಗಿಲಲ್ಲಿ ಎದುರುಗೊಂಡದ್ದು, ಇವೆಲ್ಲ ಜನಪದ ಹಾಸ್ಯದ ಧಾಟಿಯಲ್ಲಿವೆ. ಅಲ್ಲಿ ಕೆಂಪು ನಕ್ಷತ್ರಗಳಿಂದ ಅಲಂಕೃತವಾದ ಬಿಡಾರಗಳು ಖಾಲಿಯಾಗಿ ಕಾದಿವೆ. ಅವು ಮುಂದೆ ಪೆರೆಕೋಪಿನಲ್ಲಿ ಸಾಯಲಿರುವ ಬೊಲ್ಷೆವಿಕರಿಗಾಗಿ. ಪೆರೆಕೋಪಿನ ಕದನ ನಡೆದದ್ದು 1920ರಲ್ಲಿ. ಕನಸು ಬೀಳುವುದು 1918ರಲ್ಲಿ. ದೇವರನ್ನೇ ನಂಬದವರಿಗೆ ಇಂಥ ಸತ್ಕಾರವೇ ಎಂದು ಝಿಲಿನನು ಬೆರಗಾದಾಗ ಬರುವ ಉತ್ತರದ ತಾತ್ಪರ್ಯ ಇಷ್ಟು: ಅವರ ನಂಬಿಕೆಯಿಂದ ದೇವರಿಗೆ ಲಾಭವೂ ಇಲ್ಲ, ಅಪನಂಬಿಕೆಯಿಂದ ನಷ್ಟವೂ ಇಲ್ಲ, ಇಬ್ಬರೂ ಒಬ್ಬರ ಕುತ್ತಿಗೆಯನ್ನು ಒಬ್ಬರು ಹಿಸುಕುತ್ತಿರುವವರೇ, ರಣರಂಗದಲ್ಲಿ ಬಿದ್ದವರೆಲ್ಲರೂ ಆತನಿಗೆ ಸಮಾನರು.

ಇಲ್ಲಿಯೇ ನಮ್ಮಂಥವರಿಗೆ ಚುಚ್ಚುವ ಒಂದು ಮಾತಿದೆ. ಬೊಲ್ಷೆವಿಕರು ನರಕಕ್ಕೆ ಹೋಗುವರೆಂದು ಗುರುಗಳು ಬೋಧಿಸುತ್ತಿದ್ದರಲ್ಲಾ ಎಂದು ಝಿಲಿನನು ಕೇಳಿದಾಗ, ಆ ಗುರುಗಳನ್ನು ಏನು ಮಾಡಬೇಕೆಂಬುದೇ ತಿಳಿಯದೆಂದೂ ಅವರಂಥ ಮೂರ್ಖರು ಬೇರೆಲ್ಲಿಯೂ ಇಲ್ಲವೆಂದೂ ದೇವರು ಒಪ್ಪಿಕೊಳ್ಳುತ್ತಾನೆ. ಹಾಗಾದರೆ ಅವರನ್ನು ಕೆಲಸದಿಂದ ತೆಗೆಯಬಾರದೇ ಎಂಬ ಸಲಹೆಗೆ, ಕನಿಕರವಾಗುತ್ತದೆಂಬುದು ಉತ್ತರ. ಗುರುಗಳ ಮೊಮ್ಮಗನೂ ದೈವಶಾಸ್ತ್ರ ಪ್ರಾಧ್ಯಾಪಕನ ಮಗನೂ ಆದವನು ಬರೆದ ಈ ಹಾಸ್ಯವನ್ನು ನಾಸ್ತಿಕನ ಅಪಹಾಸ್ಯವೆಂದು ತಳ್ಳಿಹಾಕಲಾಗದು. ಗುರುವರ್ಗವು ಪರಲೋಕದ ಬಾಗಿಲಿನ ಪಟ್ಟಿಯನ್ನು ತಾನೇ ಬರೆಯಲು ಹೊರಟದ್ದು ಇಲ್ಲಿನ ಆರೋಪ. ಆ ಗುರುವರ್ಗವನ್ನೂ ಕನಿಕರದಿಂದಲೇ ಉಳಿಸಿಕೊಂಡದ್ದು ಇಲ್ಲಿನ ಸುವಾರ್ತೆ.

ಇಷ್ಟರ ಮಟ್ಟಿಗೆ ಕನಸು ಯೆಹೋಶುವನು ಪಡೆದ ಉತ್ತರಕ್ಕೆ ಸಮೀಪವಾಗಿದೆ. ಆದರೆ ಕೃತಿಯನ್ನು ಮೆಚ್ಚುವ ಅನೇಕರು ಇಲ್ಲಿಯೇ ನಿಂತುಬಿಡುತ್ತಾರೆ. ನಾವು ಹಾಗೆ ನಿಲ್ಲಲಾರೆವು. ಈ ಪರಲೋಕದಲ್ಲಿ ಇರುವವರಾರು? ರಣರಂಗದಲ್ಲಿ ಬಿದ್ದವರು. ಸೂಲಗಿತ್ತಿಯನ್ನು ಕರೆಯಲು ಹೋದ ಫೆಲ್ಡ್‌ಮನ್‌ನು ರಣರಂಗದಲ್ಲಿ ಬಿದ್ದವನಲ್ಲ. ಅವನಿಗೆ ಯಾವ ನಕ್ಷತ್ರದ ಬಿಡಾರವನ್ನೂ ಕನಸು ಕಾಣಿಸುವುದಿಲ್ಲ. ಕೊಂದವರಿಬ್ಬರ ನಡುವಿನ ಸಮಾನತೆಯು ಕರುಣೆಯಂತೆ ಕಾಣುತ್ತದೆ; ಕೊಂದವನ ಮತ್ತು ಕೊಲ್ಲಲ್ಪಟ್ಟ ನಿರಾಯುಧನ ನಡುವೆ ಅದೇ ಸಮಾನತೆಯನ್ನು ಎಳೆದರೆ ಅದು ಅನ್ಯಾಯವಾಗುತ್ತದೆ. ಜರ್ಮನಿಯ ದೈವಶಾಸ್ತ್ರಜ್ಞ ಡೀಟ್ರಿಕ್ ಬಾನ್‌ಹೋಫರ್ 1937ರಲ್ಲಿ ಅಗ್ಗದ ಕೃಪೆಯೆಂದು ಯಾವುದನ್ನು ಎಚ್ಚರಿಸಿದನೋ ಅದರ ನೆರಳು ಈ ಕನಸಿನ ಮೇಲೂ ಇದೆ. ಇಲ್ಲಿ ಪಶ್ಚಾತ್ತಾಪದ ಮಾತೇ ಬರುವುದಿಲ್ಲ. ಸಾವೊಂದೇ ಎಲ್ಲವನ್ನೂ ತೊಳೆದುಬಿಡುತ್ತದೆ.

ಇದು ಕೇವಲ ಸಾಹಿತ್ಯದ ಚರ್ಚೆಯಲ್ಲ. 2022ರ ಸೆಪ್ಟೆಂಬರ್ 25ರಂದು ಮಾಸ್ಕೋದ ಪೇಟ್ರಿಯಾರ್ಕ್ ಕಿರಿಲ್ ಅವರು ತಮ್ಮ ಪ್ರಸಂಗದಲ್ಲಿ, ಸೈನಿಕ ಕರ್ತವ್ಯವನ್ನು ನೆರವೇರಿಸುತ್ತ ಸಾಯುವವನ ಬಲಿಯು ಅವನ ಪಾಪಗಳನ್ನೆಲ್ಲ ತೊಳೆಯುತ್ತದೆಂದು ಬೋಧಿಸಿದರು. ಆಗ ರಶ್ಯದ ಸೇನೆಯು ಬುಲ್ಗಾಕೋವನ ಹುಟ್ಟೂರಿನ ದೇಶದಲ್ಲಿ ಯುದ್ಧ ಮಾಡುತ್ತಿತ್ತು. ಝಿಲಿನನ ಪರಲೋಕದ ಬಾಗಿಲು ಕನಿಷ್ಠಪಕ್ಷ ವೈರಿಗೂ ತೆರೆದಿತ್ತು. ಈ ಪ್ರಸಂಗವು ಹೇಳಿದ್ದು ಕಳುಹಿಸಲ್ಪಟ್ಟ ಸೈನಿಕನ ಬಲಿಯನ್ನು ಮಾತ್ರ. ಆದರೆ ರಣರಂಗದ ಮರಣವೇ ಪಾಪಪರಿಹಾರವೆಂಬ ಭಾವನೆ ಎರಡರಲ್ಲಿಯೂ ಒಂದೇ. ಪಾಪಪರಿಹಾರವು ಒಂದೇ ಬಲಿಯಿಂದ ಆಯಿತೆಂದು ಇಬ್ರಿಯರಿಗೆ ಬರೆದ ಪತ್ರಿಕೆಯಿಂದ ಕಲಿತಿರುವ ನಾವು ಎರಡನ್ನೂ ಪರೀಕ್ಷಿಸಬೇಕಾಗಿದೆ.

ಕೃತಿಯು ತನ್ನನ್ನೇ ತಿದ್ದಿಕೊಳ್ಳುವ ಬಗೆ

ಕನಸಿನ ಕೊರತೆಯನ್ನು ಕಾದಂಬರಿಯೇ ಅರಿತಿದೆಯೆಂದು ತೋರುತ್ತದೆ. ಪೆಟ್ಲಿಯುರನ ಪಡೆಗಳು ನಗರವನ್ನು ಬಿಟ್ಟು ಹೋಗುವ ರಾತ್ರಿ ಸೇತುವೆಯ ಬಳಿ ಒಬ್ಬ ಯೆಹೂದ್ಯನನ್ನು ಬಂದೂಕಿನ ಕಬ್ಬಿಣದ ಸರಳಿನಿಂದ ತಲೆಗೆ ಹೊಡೆದು ಕೊಲ್ಲುತ್ತಾರೆ. ಅವನ ಹೆಸರನ್ನೂ ನಾವು ತಿಳಿಯುವುದಿಲ್ಲ. ಈ ರಕ್ತಕ್ಕೆ ಯಾರಾದರೂ ಬೆಲೆ ತೆರುವರೇ ಎಂದು ನಿರೂಪಕನು ಪ್ರಶ್ನಿಸಿ, ಯಾರೂ ಇಲ್ಲವೆಂದು ತಾನೇ ಉತ್ತರಿಸುತ್ತಾನೆ. ಹಿಮ ಕರಗುವುದು, ಹುಲ್ಲು ಚಿಗುರುವುದು, ಕುರುಹು ಉಳಿಯದು. ರಕ್ತವು ಅಗ್ಗ, ಅದನ್ನು ಬಿಡಿಸಿಕೊಳ್ಳಲು ಯಾರೂ ಬರುವುದಿಲ್ಲ. ಇಲ್ಲಿ ಅವನು ಬಳಸುವ ಕ್ರಿಯಾಪದಕ್ಕೆ ಒತ್ತೆಯಿಟ್ಟದ್ದನ್ನು ಹಣ ತೆತ್ತು ಬಿಡಿಸಿಕೊಳ್ಳುವುದೆಂಬ ಅರ್ಥವಿದೆ. ವಿಮೋಚನೆಯ ಉಪದೇಶವನ್ನು ಅಭ್ಯಾಸ ಮಾಡಿದವರ ಕಿವಿಗೆ ಇದು ಕೇಳಿಸದೆ ಇರದು. ದೈವಶಾಸ್ತ್ರಜ್ಞನ ಮಗನು ವಿಮೋಚಕನ ಪದವನ್ನೇ ತೆಗೆದುಕೊಂಡು ಅದನ್ನು ನಿಷೇಧರೂಪದಲ್ಲಿ ನಿಲ್ಲಿಸಿದ್ದಾನೆ.

ಈ ನಿಷೇಧವನ್ನು ನಾವು ಆತುರದಿಂದ ಖಂಡಿಸಬಾರದು. ಸತ್ತವನ ಹೆಣದ ಮುಂದೆ ಬೇಗನೆ ಉಚ್ಚರಿಸಿದ ಆದರಣೆಗಿಂತ ಇದು ಸತ್ಯಕ್ಕೆ ಹತ್ತಿರವಾಗಿದೆ. ಆದರೂ ಸತ್ಯವೇದವು ಬೇರೆ ಸಾಕ್ಷಿಯನ್ನು ಕೊಡುತ್ತದೆ. ಹೇಬೆಲನ ರಕ್ತವು ಹುಲ್ಲಿನ ಕೆಳಗೆ ಸುಮ್ಮನಾಗಲಿಲ್ಲ; ನೆಲದಿಂದ ಕೂಗಿತು (ಆದಿಕಾಂಡ 4:10). ಹತರಾದವರ ಆತ್ಮಗಳು ಯಜ್ಞವೇದಿಯ ಕೆಳಗಿನಿಂದ ಎಷ್ಟು ಕಾಲವೆಂದು ಕೇಳುತ್ತವೆ (ಪ್ರಕಟನೆ 6:9–10). ಕಾದಂಬರಿಯ ಆರಂಭದಲ್ಲಿ ಬುಲ್ಗಾಕೋವ್ ಇರಿಸಿರುವ ವಾಕ್ಯವೂ ಇದೇ ಪುಸ್ತಕದ್ದು: ಸತ್ತವರು ತಮ್ಮ ಕೃತ್ಯಗಳಿಗನುಸಾರ ನ್ಯಾಯತೀರ್ಪು ಹೊಂದುವ ಭಾಗ (20:12). ಹೀಗೆ ಆರಂಭದ ವಾಕ್ಯವು ಲೆಕ್ಕವಿದೆಯೆನ್ನುತ್ತದೆ. ಕನಸು ಎಲ್ಲರೂ ಸಮಾನರೆನ್ನುತ್ತದೆ. ಸೇತುವೆಯ ಪುಟವು ಲೆಕ್ಕ ಕೇಳುವವರೇ ಇಲ್ಲವೆನ್ನುತ್ತದೆ. ಮೂರನ್ನೂ ಒಂದು ಮಾಡಲು ಲೇಖಕನು ಯತ್ನಿಸುವುದಿಲ್ಲ. ಅವನು ಸಿದ್ಧಾಂತವನ್ನು ಬರೆಯುತ್ತಿಲ್ಲ. ಆ ಮೂರು ಮಾತುಗಳೂ ನಿಜವೆಂದು ತೋರಿದ ಕಾಲವನ್ನು ಬರೆಯುತ್ತಿದ್ದಾನೆ.

ಪ್ರಕಟನೆಯ ಪುಸ್ತಕವನ್ನು ಓದುವ ಎರಡು ಬಗೆಗಳನ್ನೂ ಅವನು ಮುಂದಿಡುತ್ತಾನೆ. ರುಸಕೋವ್ ಎಂಬ ರೋಗಿಯು ದೇವದೂಷಣೆಯ ಕವಿತೆ ಬರೆದು ಪಶ್ಚಾತ್ತಾಪಪಟ್ಟವನು. ಅವನು ವೈದ್ಯನಾದ ಅಲೆಕ್ಸೇಯ್‌ನ ಬಳಿಗೆ ಬಂದು, ಟ್ರಾಟ್ಸ್ಕಿಯೇ ಅಬದ್ದೋನನೆಂದು ವಿವರಿಸುತ್ತಾನೆ. ಪೆಟ್ಲಿಯುರನು ಇದ್ದ ಸೆರೆಮನೆಯ ಕೋಣೆಗೆ 666 ಎಂಬ ಸಂಖ್ಯೆ ಕೊಟ್ಟು ಲೇಖಕನು ಇಂಥ ಗಣಿತವನ್ನು ಮೊದಲೇ ನಗೆಯಾಡಿರುತ್ತಾನೆ. ವೈದ್ಯನು ಔಷಧಿಯನ್ನು ಬರೆದುಕೊಟ್ಟು, ಆ ಪುಸ್ತಕವನ್ನು ಕಡಿಮೆ ಓದುವಂತೆ ಸಲಹೆ ಮಾಡುತ್ತಾನೆ. ರುಸಕೋವನು ಕೇಳುವುದಿಲ್ಲ. ಕೊನೆಯ ಅಧ್ಯಾಯದಲ್ಲಿ ರಾತ್ರಿಯ ಹೊತ್ತು ಅವನು ಮತ್ತೆ ಅದೇ ಪುಸ್ತಕವನ್ನು ಓದುತ್ತಿದ್ದಾನೆ. ಈ ಬಾರಿ ಶತ್ರುವಿಗೆ ಹೆಸರಿಡುವುದಕ್ಕಲ್ಲ. ಓದುತ್ತ ಓದುತ್ತ ಅವನಲ್ಲಿ ಭಯ ಅಡಗಿ, ದೇವರು ಕಣ್ಣೀರನ್ನೆಲ್ಲ ಒರಸುವ ವಾಕ್ಯವನ್ನು (21:4) ಸಮಾಧಾನದಿಂದ ತಲಪುತ್ತಾನೆ. ಪುಸ್ತಕ ಒಂದೇ, ಓದುಗನೂ ಒಬ್ಬನೇ. ಯುದ್ಧಕಾಲದ ಭಕ್ತಿಯು ಮೊದಲನೆಯ ಓದಿನಲ್ಲೇ ನಿಲ್ಲಲು ಬಯಸುತ್ತದೆ. ಸಭಾಪಾಲಕನು ತನ್ನ ಜನರನ್ನು ಎರಡನೆಯದಕ್ಕೆ ನಡೆಸಬೇಕಾಗಿದೆ.

ಮನೆಯೊಳಗಿನ ಸಭೆ

ಕಾದಂಬರಿಯಲ್ಲಿ ದೇವಾಲಯಕ್ಕಿಂತ ಹೆಚ್ಚಾಗಿ ಮನೆಯಲ್ಲಿಯೇ ಸಭೆಯು ಜೀವಂತವಾಗಿದೆ. ಪೆಟ್ಲಿಯುರನು ಗೆದ್ದಾಗ ಸಂತ ಸೋಫಿಯ ಪ್ರಧಾನಾಲಯದಲ್ಲಿ ಸ್ತೋತ್ರಾರಾಧನೆ ನಡೆಯುತ್ತದೆ, ಗಂಟೆಗಳು ಮೊಳಗುತ್ತವೆ, ಶಿಲುಬೆಗಳು ಮೆರವಣಿಗೆಯಲ್ಲಿ ಬರುತ್ತವೆ. ಅದೇ ಗಂಟೆಗಳು ಬೇರೆಯವರ ಗೆಲುವಿಗೂ ಮೊಳಗಬಲ್ಲವು. ಇದಕ್ಕೆ ಪ್ರತಿಯಾಗಿ ನಿಲ್ಲುವುದು ಮೂರು ಚಿಕ್ಕ ಕಾರ್ಯಗಳು.

ಮೊದಲನೆಯದು ನಾಯ್-ಟುರ್ಸ್ ಎಂಬ ಅಧಿಕಾರಿಯದು. ಸೇನಾಪತಿಗಳು ಓಡಿಹೋದರೆಂದು ತಿಳಿದೊಡನೆ ಅವನು ತನ್ನ ಕೈಕೆಳಗಿನ ಹುಡುಗರಿಗೆ ಭುಜಪಟ್ಟಿಗಳನ್ನು ಕಿತ್ತು ಮನೆಗೆ ಓಡುವಂತೆ ಆಜ್ಞಾಪಿಸಿ, ತಾನೊಬ್ಬನೇ ಮೆಷಿನ್‌ಗನ್ನಿನ ಹಿಂದೆ ಕುಳಿತು ಅವರ ಓಟಕ್ಕೆ ಸಮಯ ಗಳಿಸಿಕೊಟ್ಟು ಸಾಯುತ್ತಾನೆ. ಎರಡನೆಯದು ನಿಕೊಲ್ಕನದು. ಅವನು ಆ ಅಧಿಕಾರಿಯ ತಾಯಿಯನ್ನು ಹುಡುಕಿ ಸುದ್ದಿ ತಿಳಿಸುತ್ತಾನೆ. ಶವಾಗಾರದಲ್ಲಿ ರಾಶಿಬಿದ್ದ ಹೆಣಗಳ ನಡುವೆ ಅವನ ದೇಹವನ್ನು ಗುರುತಿಸಿ, ಶುಚಿಗೊಳಿಸಿ ಪೆಟ್ಟಿಗೆಯಲ್ಲಿ ಮಲಗಿಸಲು ಏರ್ಪಡಿಸುತ್ತಾನೆ. ಅರಿಮಥಾಯದ ಯೋಸೇಫನು ಮಾಡಿದ ಕೆಲಸವೇ ಇದು: ಗೆದ್ದವರು ಎಸೆದ ದೇಹವನ್ನು ಮನುಷ್ಯನ ದೇಹವೆಂದು ಮತ್ತೆ ಎತ್ತಿಕೊಳ್ಳುವುದು. ಮೂರನೆಯದು ಎಲೆನಳ ಪ್ರಾರ್ಥನೆ. ಗಾಯದ ಮೇಲೆ ಟೈಫಸ್ ಜ್ವರವೂ ಬಂದು ಅಣ್ಣನು ಸಾಯುವ ಸ್ಥಿತಿಯಲ್ಲಿದ್ದಾಗ ಅವಳು ದೇವಮಾತೆಯ ಐಕಾನಿನ ಮುಂದೆ ಮೊಣಕಾಲೂರುತ್ತಾಳೆ. ತನ್ನ ಗಂಡನು ಹಿಂದಿರುಗದೆ ಹೋದರೂ ಸರಿ, ಅಣ್ಣನು ಉಳಿಯಲಿ ಎಂದು ಬೇಡುತ್ತಾಳೆ.

ಮರಿಯಮ್ಮನವರ ಮಧ್ಯಸ್ಥಿಕೆಯ ಕುರಿತು ನಮ್ಮ ಸಭೆಗಳ ನಡುವೆ ಭಿನ್ನಾಭಿಪ್ರಾಯವಿರಬಹುದು. ಯೆಪ್ತಾಹನನ್ನು ನೆನಪಿಸುವ ಈ ಕೊಡು-ಕೊಳ್ಳುವಿಕೆಯ ಪ್ರಾರ್ಥನೆಯಲ್ಲಿ ತೊಡಕೂ ಇದೆ. ಆದರೆ ಅವಳ ಪ್ರಾರ್ಥನೆಯ ನಡುವೆ ಒಂದು ಅರಿಕೆ ಬರುತ್ತದೆ: ತಾವೆಲ್ಲರೂ ರಕ್ತದ ವಿಷಯದಲ್ಲಿ ಅಪರಾಧಿಗಳು, ಆದರೂ ದಂಡಿಸಬೇಡವೆಂಬುದು. ಇಡೀ ಕಾದಂಬರಿಯಲ್ಲಿ ಅಪರಾಧವನ್ನು ತನ್ನ ಪಕ್ಷದ ಮೇಲೆಯೂ ಹೊರಿಸಿಕೊಳ್ಳುವ ಮಾತು ಇದೇ. ಕನಸಿನಲ್ಲಿ ಕಾಣದೆ ಹೋದ ಪಶ್ಚಾತ್ತಾಪವು ಇಲ್ಲಿ ಕಾಣುತ್ತದೆ. ಅಣ್ಣನು ಬದುಕುತ್ತಾನೆ, ಗಂಡನು ಬೇರೊಬ್ಬಳನ್ನು ಮದುವೆಯಾಗಲಿರುವನೆಂಬ ಪತ್ರವೂ ಬರುತ್ತದೆ. ಬುಲ್ಗಾಕೋವ್ ಇದನ್ನು ಪವಾಡವೆಂದು ಸಾಧಿಸುವುದಿಲ್ಲ, ಅಲ್ಲವೆಂದೂ ಹೇಳುವುದಿಲ್ಲ.

ಕೃತಿಯ ಮಿತಿಯೊಂದನ್ನು ಇಲ್ಲಿ ಹೇಳಬೇಕು. ಉಕ್ರೇನಿನ ರೈತರು ಏಕೆ ಸಿಟ್ಟಿಗೆದ್ದರೆಂಬುದನ್ನು, ಜರ್ಮನರು ಕಿತ್ತುಕೊಂಡ ಧಾನ್ಯವನ್ನು, ಮರಳಿ ಬಂದ ಭೂಮಾಲಿಕರನ್ನು ಕುರಿತು ನಿರೂಪಕನು ಒಂದೆಡೆ ನ್ಯಾಯವಾಗಿಯೇ ಬರೆಯುತ್ತಾನೆ. ಆದರೂ ಪೆಟ್ಲಿಯುರನ ಜನರಲ್ಲಿ ತುರ್ಬಿನರ ಮನೆಯವರಷ್ಟು ಪೂರ್ಣವಾದ ಮುಖವುಳ್ಳವನು ಒಬ್ಬನೂ ಇಲ್ಲ, ಅವರ ಭಾಷೆಯು ನಗೆಗೆ ಗುರಿಯಾಗುತ್ತದೆ. ಬಿಳಿಯರಿಗೂ ಕೆಂಪರಿಗೂ ಪರಲೋಕದಲ್ಲಿ ಜಾಗ ಮಾಡಿದ ಲೇಖಕನು ಅವರಿಗೆ ಮಾಡಿದಂತೆ ಕಾಣುವುದಿಲ್ಲ. ಪಕ್ಷಪಾತವನ್ನು ಗೆಲ್ಲಲು ಹೊರಟ ಕೃತಿಯಲ್ಲಿಯೂ ಅದು ಹಿಂಬಾಗಿಲಿನಿಂದ ಬಂದಿತೆಂಬುದು ಎಚ್ಚರಿಕೆಯ ಸಂಗತಿ.

ಸಭೆಯ ಮುಂದಿರುವ ಪ್ರಶ್ನೆ

ಅದೇ ವರ್ಷಗಳಲ್ಲಿ ಇತಿಹಾಸದ ಸಭೆಯು ಏನು ಮಾಡಿತು? 1917ರ ನವೆಂಬರಿನಲ್ಲಿ ಆಯ್ಕೆಯಾದ ಪೇಟ್ರಿಯಾರ್ಕ್ ತಿಖೋನ್ ಅವರು 1918ರ ಆರಂಭದಲ್ಲಿ ರಕ್ತಪಾತ ಮಾಡುವವರ ಮೇಲೆ ಬಹಿಷ್ಕಾರವನ್ನು ಹೊರಡಿಸಿದರು. ಅದಾಗಿ ಕೆಲವೇ ದಿನಗಳಲ್ಲಿ ಕೀವ್‌ನ ಮೆಟ್ರೊಪಾಲಿಟನ್ ವ್ಲದೀಮಿರ್ ಅವರನ್ನು ಪೆಚೆರ್ಸ್ಕ್ ಮಠದ ಸಮೀಪದಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು. ಅಕ್ಟೋಬರಿನಲ್ಲಿ ಸರಕಾರಕ್ಕೆ ಬರೆದ ಪತ್ರವನ್ನು ತಿಖೋನ್ ಅವರು ಕತ್ತಿ ಹಿಡಿದವರ ಅಂತ್ಯವನ್ನು ಕುರಿತ ಯೇಸುವಿನ ಮಾತಿನಿಂದ (ಮತ್ತಾಯ 26:52) ಆರಂಭಿಸಿದರು. ಇಷ್ಟಾದರೂ ಬಿಳಿಯ ಸೇನೆಗೆ ಗುಟ್ಟಾಗಿ ಆಶೀರ್ವಾದ ಕಳುಹಿಸಬೇಕೆಂಬ ಕೋರಿಕೆಯನ್ನು ಅವರು ಒಪ್ಪಲಿಲ್ಲ. 1919ರ ಬೇಸಗೆಯಲ್ಲಿ ಸೇಡನ್ನೂ ಯೆಹೂದ್ಯರ ಮೇಲಿನ ದಾಳಿಗಳನ್ನೂ ಖಂಡಿಸಿದರು. ಅದೇ ವರ್ಷದ ಶರತ್ಕಾಲದಲ್ಲಿ ಗುರುಗಳು ರಾಜಕೀಯ ಹೋರಾಟದಿಂದ ದೂರವಿರಬೇಕೆಂದು ಪತ್ರ ಬರೆದರು. ಬಿಳಿಯರು ಅವರನ್ನು ಹೇಡಿಯೆಂದರು, ಕೆಂಪರು ವೈರಿಯೆಂದರು. ಅವರು ಮೌನವಾಗಿರಲಿಲ್ಲವೆಂಬುದನ್ನು ಗಮನಿಸಬೇಕು. ಕೊಲೆಯನ್ನು ಕೊಲೆಯೆಂದು ಹೇಳುವುದು ಬೇರೆ, ಒಂದು ಸೇನೆಯನ್ನು ದೇವರ ಸೇನೆಯೆಂದು ಕರೆಯುವುದು ಬೇರೆ. ಈ ಭೇದವನ್ನು ಅವರು ಉಳಿಸಿಕೊಂಡರು.

ಕಾದಂಬರಿಯ ಆರಂಭದಲ್ಲಿ ನಗರದ ಬೆಟ್ಟದ ಮೇಲಿರುವ ಸಂತ ವ್ಲದೀಮಿರನ ಪ್ರತಿಮೆಯ ಶಿಲುಬೆಯು ರಾತ್ರಿಯಲ್ಲಿ ಬೆಳಗುತ್ತ ದೂರದವರಿಗೆ ದಾರಿ ತೋರಿಸುತ್ತದೆ. ಕೊನೆಯಲ್ಲಿ ಅದನ್ನು ದೂರದಿಂದ ನೋಡುವಾಗ ಅಡ್ಡತೊಲೆಯು ಮರೆಯಾಗಿ ಶಿಲುಬೆಯೇ ಹರಿತವಾದ ಕತ್ತಿಯಂತೆ ಕಾಣುತ್ತದೆ. ಶಿಲುಬೆಯು ಬದಲಾಗಲಿಲ್ಲ, ನೋಡುವ ದೂರ ಬದಲಾಯಿತು. ಅಡ್ಡತೊಲೆಯೆಂದರೆ ಎರಡೂ ಕಡೆಗೆ ಚಾಚಿದ ತೋಳುಗಳು. ಅವು ಕಾಣದಷ್ಟು ದೂರ ನಾವು ಸರಿದಾಗ ಉಳಿಯುವುದು ಆಯುಧ ಮಾತ್ರ.

ಈ ಕೃತಿಯನ್ನು ನಮ್ಮ ವಿದ್ಯಾರ್ಥಿಗಳು ಓದಬೇಕೆಂದು ನಾವು ಶಿಫಾರಸು ಮಾಡುವುದು ಅದರಲ್ಲಿ ಸಿದ್ಧ ಉತ್ತರವಿದೆಯೆಂದಲ್ಲ. ಝಿಲಿನನ ಕನಸನ್ನು ಪ್ರಸಂಗದಲ್ಲಿ ಹೇಳುವುದು ಸುಲಭ, ಕೇಳುವವರಿಗೂ ಹಿತವೆನಿಸುತ್ತದೆ. ಅದನ್ನು ಹೇಳುವವರು ಎಲೆನಳ ಅರಿಕೆಯನ್ನೂ ಸೇತುವೆಯ ಬಳಿಯ ಹೆಣವನ್ನೂ ಬಿಟ್ಟುಬಿಡಬಾರದು. ಕಲಹದ ದಿನಗಳಲ್ಲಿ ಆರಾಧನೆಯ ವಿಜ್ಞಾಪನೆಗಳನ್ನು ಸಿದ್ಧಪಡಿಸಲು ಕುಳಿತ ಸಭಾಪಾಲಕನು ಬರೆದ ಪಟ್ಟಿಯನ್ನು ಒಮ್ಮೆ ಓದಿಕೊಳ್ಳಲಿ. ನಮ್ಮವರ ಹೆಸರುಗಳು ಅದರಲ್ಲಿ ಇದ್ದೇ ಇರುತ್ತವೆ. ವೈರಿಗಳಿಗಾಗಿ ಒಂದು ವಾಕ್ಯವನ್ನು ಸೇರಿಸುವುದೂ ಸಾಧ್ಯವಾಗಬಹುದು. ಸೂಲಗಿತ್ತಿಯನ್ನು ಕರೆಯಲು ಹೋಗಿ ಹಿಂದಿರುಗದವನ ಹೆಸರು ಅಲ್ಲಿದೆಯೇ ಎಂಬುದನ್ನು ಅವನು ಎರಡನೆಯ ಬಾರಿ ನೋಡಬೇಕು.